ಹೊರಟ ಹಕ್ಕಿಗಳ ಲಕ್ಷಣ ಸಂಗ್ರಹ: ಹೋಳೂರು ಪಾಠ

ಶಾಸ್ತ್ರಗ್ರಂಥ ಎಂದಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಿಬಿಡಬೇಕು. ಈ ಗ್ರಂಥದ ವಿಷಯ: ಹೊರಡುವ ಹಕ್ಕಿ. ಪ್ರಯೋಜನ: ಹುಡುಕಿದರೂ ಸಿಕ್ಕಿಲ್ಲ. ಸಂಬಂಧ: ಹಕ್ಕಿ ನೋಡುವವನಿಗೂ ಹಕ್ಕಿಗೂ ಇರುವುದು ಒಂದು ಕಡೆಯ ಸಂಬಂಧ ಮಾತ್ರ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನು ಯಾರೆಂದರೆ, ಬೆಳಿಗ್ಗೆ ಆರಕ್ಕೆ ಕೆರೆ ಏರಿಯ ಮೇಲೆ ದುರ್ಬೀನು ಹಿಡಿದು ನಿಂತಿರುವಾಗ ದಾರಿಯಲ್ಲಿ ಹೋಗುವವರು “ಏನ್ ಸಾ, ಸರ್ವೇನಾ? ರೋಡು ಇಲ್ಲೇ ಬತ್ತದಾ?” ಎಂದು ಕೇಳಿದರೆ ಬೇಸರಪಡದೆ ಉತ್ತರ ಕೊಡಬಲ್ಲವನು.

ದೇಶ: ಕೋಲಾರ ತಾಲ್ಲೂಕಿನ ಹೋಳೂರು ಹೋಬಳಿಯನ್ನು ನಡುವಿಗಿಟ್ಟುಕೊಂಡು, ಒಂದು ಕಡೆ ಶ್ರೀನಿವಾಸಪುರದ ಮಾವಿನ ತೋಪುಗಳು, ಒಂದು ಕಡೆ ಮುಳಬಾಗಿಲಿನ ಬಂಡೆಗುಡ್ಡಗಳು, ಮತ್ತೊಂದು ಕಡೆ ಮಾಲೂರಿನ ಹೆಂಚು, ಇಟ್ಟಿಗೆ ಗೂಡುಗಳ ಹೊಗೆಯವರೆಗೆ. ಕಾಲ: ಚಳಿ ಶಿವಶಿವಾ ಎಂದು ಹೊರಡುವ ಶಿವರಾತ್ರಿಯಿಂದ ಯುಗಾದಿಯ ತನಕ.

ಈ ಕಾಲದ ಬಗ್ಗೆ ಮೊದಲೇ ಒಂದು ಆಕ್ಷೇಪ ಏಳುತ್ತದೆ. ವಸಂತ ಎಂದರೆ ಹಕ್ಕಿ ಬರುವ ಕಾಲವಲ್ಲವೇ? ಹೌದು, ಇಂಗ್ಲೆಂಡಿನಲ್ಲಿ, ಸೈಬೀರಿಯದಲ್ಲಿ, ಮಂಗೋಲಿಯದಲ್ಲಿ. ಅಲ್ಲಿಯವರು ಮೊದಲ ಅಂಬರಗುಬ್ಬಿಯನ್ನು ಕಂಡು ಕುಣಿದಾಡುವುದು ನ್ಯಾಯವೇ. ಆದರೆ ಆ ಅಂಬರಗುಬ್ಬಿ ಎಲ್ಲಿಂದಲೋ ಹೊರಟಿರಬೇಕಲ್ಲ? ಹಾಗೆ ಹೊರಡುವ ಊರುಗಳ ಪಟ್ಟಿಯಲ್ಲಿ ನಾವಿದ್ದೇವೆ. ಸೆಪ್ಟೆಂಬರಿನಿಂದ ನಮ್ಮ ಕೆರೆಯಂಗಳ, ಹೊಲ, ತೋಪುಗಳಲ್ಲಿ ತಿಂದುಂಡು ಚಳಿ ಕಳೆದವರು ಈಗ ಗಂಟುಮೂಟೆ ಕಟ್ಟುತ್ತಿದ್ದಾರೆ. ನಮ್ಮ ಕಡೆ ವಸಂತವೆಂದರೆ ಖಾಲಿಯಾಗುವ ಕಾಲ. ಬಂದದ್ದನ್ನು ನೋಡಿದವರು ಬರೆದ ಪುಸ್ತಕಗಳು ರಾಶಿಯಿವೆ. ಹೋದದ್ದನ್ನು ನೋಡಿದವರದು ಕಡಿಮೆ. ಆ ಕೊರತೆಯನ್ನು ತುಂಬುವ ದುರಹಂಕಾರದಿಂದ ಈ ಗ್ರಂಥ ಹುಟ್ಟಿದೆ.

ಪೂರ್ವಾಚಾರ್ಯರನ್ನು ಸ್ಮರಿಸದೆ ಮುಂದೆ ಹೋಗುವಂತಿಲ್ಲ. ನಮ್ಮ ಸೀಮೆಯ ಮೊಟ್ಟಮೊದಲ ಪಕ್ಷಿವೀಕ್ಷಕರು ವಾಲ್ಮೀಕಿಗಳು. ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟದಲ್ಲೇ ಅವರ ಆಶ್ರಮವಿತ್ತು, ಲವಕುಶರು ಹುಟ್ಟಿದ್ದೂ ಅಲ್ಲೇ ಎಂದು ಸ್ಥಳಪುರಾಣ ಸಾರುತ್ತದೆ. ಸಂದೇಹವಿದ್ದವರು ಬೆಟ್ಟ ಹತ್ತಿ ಸೀತಮ್ಮನ ಗುಡಿಯಲ್ಲಿ ವಿಚಾರಿಸಿಕೊಳ್ಳಬಹುದು. ಸ್ಥಳಪುರಾಣವನ್ನೊಪ್ಪಿದರೆ ಜಿಲ್ಲೆಯ ಮೊದಲ ಪಕ್ಷಿದಾಖಲೆ ಹೀಗೆ: ಕ್ರೌಂಚ, ಒಂದು ಜೋಡಿ, ಅದರಲ್ಲಿ ಗಂಡು ಬಾಣಕ್ಕೆ ಬಲಿ. ತಾರೀಖಿಲ್ಲ, ವೇಳೆಯಿಲ್ಲ, ಪುಕ್ಕದ ವಿವರ ಸಾಲದು. ಕ್ರೌಂಚವೆಂದರೆ ಸಾರಸ ಎಂದು ವಿದ್ವಾಂಸರಲ್ಲಿ ಹಲವರು ಹೇಳುತ್ತಾರೆ. ಸಾರಸ ಈಗ ನಮ್ಮ ಜಿಲ್ಲೆಯಲ್ಲಿಲ್ಲ. ಇವತ್ತು ಯಾರಾದರೂ ಇಂಥ ದಾಖಲೆಯನ್ನು ಹಕ್ಕಿ ನೋಡುವವರ ಜಾಲತಾಣವಾದ ಇ-ಬರ್ಡ್‌ಗೆ ಹಾಕಿದರೆ ಪರಿಶೀಲಕರು “ಫೋಟೋ ಇದೆಯೇ?” ಎಂದು ಕೇಳಿ ತಡೆಹಿಡಿಯುವುದು ಖಂಡಿತ.

ಎರಡನೆಯ ಆಚಾರ್ಯ ಅರಿಸ್ಟಾಟಲ್. ಚಳಿಗಾಲದಲ್ಲಿ ಅಂಬರಗುಬ್ಬಿಗಳು ಪುಕ್ಕ ಉದುರಿಸಿಕೊಂಡು ಪೊಟರೆಗಳಲ್ಲಿ ಮಲಗುತ್ತವೆಂದೂ, ಬೇಸಿಗೆಯ ಕೆಂಬಾಲದ ಹಕ್ಕಿಯೇ ಚಳಿಗಾಲಕ್ಕೆ ರಾಬಿನ್ ಆಗಿ ಮಾರ್ಪಡುತ್ತದೆಂದೂ ಆತ ತೀರ್ಮಾನಿಸಿದ. ಆ ತಕರಾರು ಯುರೋಪಿನಲ್ಲಿ ಎರಡು ಸಾವಿರ ವರ್ಷ ಎಳೆಯಿತು. ವಲಸೆಗೆ ಕಣ್ಣಿಗೆ ಕಾಣುವ ಸಾಕ್ಷಿ ಒದಗಿದ್ದು 1822ರಲ್ಲಿ. ಉತ್ತರ ಜರ್ಮನಿಯ ಕ್ಲ್ಯುಟ್ಸ್ ಎಂಬಲ್ಲಿ ಹೊಡೆದ ಒಂದು ಬಿಳಿ ಕೊಕ್ಕರೆಯ ಕೊರಳಲ್ಲಿ ಆಫ್ರಿಕಾದ ಈಟಿಯೊಂದು ಆರಪಾರು ನಾಟಿಕೊಂಡಿತ್ತು. ಅಷ್ಟುದ್ದದ ಕೋಲನ್ನು ಕೊರಳಲ್ಲಿ ಹೊತ್ತು ಅದು ಖಂಡ ದಾಟಿ ಬಂದಿತ್ತು. ಇವತ್ತಿಗೂ ರೊಸ್ಟಾಕ್ ವಿಶ್ವವಿದ್ಯಾಲಯದಲ್ಲಿ ಈಟಿಯ ಸಮೇತ ಅದರ ಒಳತುಂಬಿ ನಿಲ್ಲಿಸಿದ ದೇಹವಿದೆ. ಆವಣಿಯಲ್ಲಿ ಹಕ್ಕಿಗೆ ಬಾಣ ಬಿದ್ದದ್ದರಿಂದ ಕಾವ್ಯ ಹುಟ್ಟಿತು, ಆಫ್ರಿಕಾದಲ್ಲಿ ಬಿದ್ದದ್ದರಿಂದ ವಲಸೆಯ ವಿಜ್ಞಾನಕ್ಕೆ ಸಾಕ್ಷಿ ಸಿಕ್ಕಿತು. ಹಕ್ಕಿಗೆ ಎರಡರಿಂದಲೂ ಲಾಭವಾಗಲಿಲ್ಲ.

ಇನ್ನು ವರ್ಗೀಕರಣ. ಪಕ್ಷಿತಜ್ಞರು ಹಕ್ಕಿಗಳನ್ನು ಕೊಕ್ಕು, ಕಾಲು, ಈಚೆಗೆ ಡಿಎನ್ಎ ನೋಡಿ ವಿಂಗಡಿಸುತ್ತಾರೆ. ಈ ಗ್ರಂಥ ಅವು ಹೇಗೆ ಹೊರಡುತ್ತವೆ ಎಂಬುದನ್ನು ಮಾತ್ರ ಆಧಾರವಾಗಿಟ್ಟುಕೊಂಡಿದೆ.

ಮೊದಲನೆಯದು ಸ್ಥಾವರ ವರ್ಗ. ಇವು ಎಲ್ಲಿಂದಲೂ ಬಂದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಆದರೆ ವಸಂತದ ಸಕಲ ಮರ್ಯಾದೆಯೂ ಇವಕ್ಕೇ. ಇದರ ಅಧಿಪತಿ ಕೋಗಿಲೆ. ಫೆಬ್ರುವರಿಯಲ್ಲಿ ಅದು ಬಾಯಿಬಿಟ್ಟ ಕೂಡಲೇ “ಬಂತು ಕೋಗಿಲೆ” ಎಂದು ಊರೆಲ್ಲ ಸಂಭ್ರಮ. ಬಂದದ್ದೆಲ್ಲಿಂದ? ಚಳಿಗಾಲ ಪೂರ್ತಿ ಅದೇ ಅತ್ತಿಮರದಲ್ಲಿ ಹಣ್ಣು ತಿನ್ನುತ್ತ ಬಾಯಿ ಮುಚ್ಚಿಕೊಂಡು ಕುಳಿತಿತ್ತು. ಕಾಗೆ ಗೂಡು ಕಟ್ಟುವ ಕಾಲ ಹತ್ತಿರವಾದಂತೆ ಅದಕ್ಕೆ ಗಂಟಲು ಬರುತ್ತದೆ, ಅಷ್ಟೆ. ಕಂಚುಗಾರ ಹಕ್ಕಿಯದೂ ಇದೇ ಕಥೆ: ಚಳಿಯಲ್ಲಿ ಮೌನ, ಬಿಸಿಲು ಏರಿದಂತೆ ಆಲದ ಮರದಿಂದ ಟಂಕ್ ಟಂಕ್. ಕವಿಗಳು ಈ ಎರಡಕ್ಕೂ ಕೊಟ್ಟ ಪುಟಗಳಲ್ಲಿ ನಾಲ್ಕಾಣೆಯನ್ನಾದರೂ ಸೈಬೀರಿಯದಿಂದ ಬಂದ ಸಿಪಿಲೆಗೆ ಕೊಟ್ಟಿದ್ದರೆ ಸಾಹಿತ್ಯಕ್ಕೆ ನಷ್ಟವೇನೂ ಆಗುತ್ತಿರಲಿಲ್ಲ.

ಎರಡನೆಯದು ಸಾಲಂಕಾರ ವರ್ಗ: ಬರುವಾಗ ಹಳೆಯ ಬಟ್ಟೆಯಲ್ಲಿ ಬಂದು, ಹೋಗುವಾಗ ಮದುವೆ ಗಂಡಿನಂತೆ ಸಿಂಗರಿಸಿಕೊಂಡು ಹೋಗುವವು. ಬಾತುಗಳಲ್ಲಿ ಸೂಜಿಬಾಲದ ಬಾತು, ಚಲುಕದ ಬಾತು, ಬಿಳಿಹುಬ್ಬಿನ ಬಾತು ಈ ಕುಲಕ್ಕೆ ಸೇರಿವೆ. ಅಕ್ಟೋಬರಿನಲ್ಲಿ ಗಂಡು ಯಾವುದು ಹೆಣ್ಣು ಯಾವುದು ಎಂದು ಹೇಳಲು ತಿಣುಕಬೇಕು; ಎಲ್ಲವೂ ಒಂದೇ ಕಂದು. ಫೆಬ್ರುವರಿ ಕೊನೆಗೆ ಬಿಳಿಹುಬ್ಬಿನ ಗಂಡಿನ ಹುಬ್ಬು ಕೆರೆಯ ಆಚೆ ದಡದಿಂದ ಬರಿಗಣ್ಣಿಗೂ ಕಾಣುತ್ತದೆ.

ಈ ವರ್ಗದ ನಿಜವಾದ ಶಾಸ್ತ್ರವಿಷಯ ಹಳದಿ ಸಿಪಿಲೆ. ಇದರಲ್ಲಿ ಬೂದುತಲೆಯದು, ನೀಲಿತಲೆಯದು, ಕರಿತಲೆಯದು ಎಂದು ಉಪಜಾತಿಗಳಿವೆ; ಒಂದೊಂದರ ತವರೂ ಬೇರೆ. ಚಳಿಗಾಲದಲ್ಲಿ ಎಲ್ಲದರ ತಲೆಯೂ ಮಾಸಲು, ಪಂಡಿತರೂ ಕೈಚೆಲ್ಲುತ್ತಾರೆ. ಮಾರ್ಚಿನಲ್ಲಿ ಹಳೆಯ ಪುಕ್ಕ ಉದುರಿ ಹೊಸದು ಬರತೊಡಗಿದಾಗ ಗುಟ್ಟು ರಟ್ಟಾಗುತ್ತದೆ. ಕೆರೆಯಂಗಳದ ಗರಿಕೆಯಲ್ಲಿ ಕುರಿಮಂದೆ ಮೇಯುತ್ತಿದ್ದರೆ ಅಲ್ಲಿ ಕುಳಿತುಬಿಡಿ. ಕುರಿ ಕಾಲಿಟ್ಟಲ್ಲಿ ಹುಲ್ಲಿನಿಂದ ಸಣ್ಣ ಹುಳು ಏಳುತ್ತದೆ, ಎದ್ದದ್ದೇ ತಡ ಗೊರಸಿಗೆ ನಾಲ್ಕು ಬೆರಳು ದೂರದಲ್ಲಿ ಸಿಪಿಲೆ ಅದನ್ನು ಕಚ್ಚಿ, ಬಾಲ ಒಮ್ಮೆ ಕುಣಿಸಿ, ಮುಂದಿನ ಗೊರಸಿನತ್ತ ಓಡುತ್ತದೆ. ನೆತ್ತಿಯ ಮೇಲೆ ಅರ್ಧ ಹಳೆಯ ಕಂದು, ಅರ್ಧ ಹೊಸ ಬೂದು. ಗಂಟಲ ಹಳದಿಯೊಳಗೆ ಇನ್ನೂ ಬಿಳಿ ಮಚ್ಚೆ. ಅಂಗಳದಲ್ಲಿ ಹತ್ತಿದ್ದರೆ ಹತ್ತೂ ಬೇರೆಬೇರೆ ಹಂತದಲ್ಲಿರುತ್ತವೆ. ಯಾವುದು ಯಾವ ಊರಿನದು ಎಂದು ಕೊನೆಗೂ ನಿಮಗೆ ತಿಳಿಯುವ ಹೊತ್ತಿಗೆ ಅದು ಆ ಊರಿಗೆ ಹೊರಟಾಗಿರುತ್ತದೆ. ಪ್ರಕೃತಿಗೆ ಪರೀಕ್ಷಕರ ಮನೋಧರ್ಮವಿದೆ ಎಂಬ ಅನುಮಾನ ಈ ಲೇಖಕನಿಗೆ ಬಹಳ ಕಾಲದಿಂದ ಇದೆ.

ಮೂರನೆಯದು ಭೋಜನ ವರ್ಗ. ಹೊರಡುವ ಮುನ್ನ ಹೊಟ್ಟೆ ಬಿರಿಯ ತಿನ್ನುವುದು ವಲಸೆ ಹಕ್ಕಿಗಳೆಲ್ಲದರ ಸಾಮಾನ್ಯ ಲಕ್ಷಣವೇ. ಹಗಲು ಉದ್ದವಾಗುವುದನ್ನು ಮೈಯೊಳಗಿನ ಗಡಿಯಾರ ಗುರುತಿಸಿ ಹಸಿವಿನ ಕೀಲಿ ತಿರುಗಿಸುತ್ತದೆ. ಕೆಲವು ಸಣ್ಣ ಉಲಿಯಕ್ಕಿಗಳಂತೂ ಚರ್ಮದಡಿ ಕೊಬ್ಬು ತುಂಬಿಕೊಂಡು ಮೈತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತವೆ. ಪಂಜರದಲ್ಲಿಟ್ಟರೂ ಕಾಲ ಬಂದಾಗ ರಾತ್ರಿಯೆಲ್ಲ ರೆಕ್ಕೆ ಬಡಿದು ಚಡಪಡಿಸುತ್ತವೆ. ಶ್ರೀನಿವಾಸಪುರದ ಮಾವಿನ ತೋಪಿಗೆ ಹೂವಿನ ಕಾಲದಲ್ಲಿ ಹೋದರೆ ಮರವೇ ಗುಂಯ್‌ಗುಟ್ಟುತ್ತದೆ: ನೊಣ, ಜೇನು, ಜಿಗಿಹುಳು. ಅವುಗಳ ಹಿಂದೆ ಎಲೆಯ ಬಣ್ಣದ್ದೇ ಆದ, ಎರಡು ರೂಪಾಯಿ ನಾಣ್ಯದಷ್ಟೂ ತೂಗದೇನೋ ಎನ್ನಿಸುವ ಉಲಿಯಕ್ಕಿಗಳು. ಬೇಸಾಯಗಾರರು ಜಿಗಿಹುಳುವಿಗೆ ಔಷಧ ಹೊಡೆಯುವುದೂ ಇದೇ ವಾರಗಳಲ್ಲಿ. ಒಬ್ಬನಿಗೆ ಪೀಡೆಯಾದದ್ದು ಇನ್ನೊಬ್ಬನಿಗೆ ದಾರಿಬುತ್ತಿ. ಈ ವ್ಯಾಜ್ಯಕ್ಕೆ ಮಾವಿನ ಮಂಡಿಯಲ್ಲಿ ತೀರ್ಪು ಸಿಗುವುದಿಲ್ಲ.

ಆದರೆ ಭೋಜನ ವರ್ಗದ ಹಿರಿತನ ಗುಲಾಬಿ ಕಬ್ಬಕ್ಕಿಗಳದು. ನೂರಾರು ಒಟ್ಟಿಗೆ ಬಂದು ಮುತ್ತುಗ, ಬೂರುಗದ ಹೂವಿನ ಮೇಲೆ ಬೀಳುತ್ತವೆ. ಮುಖಕ್ಕೆಲ್ಲ ಪರಾಗ ಬಳಿದುಕೊಂಡು, ಒಂದನ್ನೊಂದು ಬೈದುಕೊಂಡು, ಇದ್ದಕ್ಕಿದ್ದಂತೆ ಒಟ್ಟಿಗೆ ಏಳುತ್ತವೆ. ಕಾಳಿನ ಹೊಲದವರಿಗೆ ಇವುಗಳ ಮೇಲೆ ಸಿಟ್ಟಿದೆ, ಕಾರಣವೂ ಇದೆ. ಮಧ್ಯ ಏಷ್ಯಾದ ತವರಿಗೆ ಹೋದಮೇಲೆ ಇದೇ ಹಕ್ಕಿ ಮಿಡತೆಗಳನ್ನು ಲೆಕ್ಕವಿಲ್ಲದಷ್ಟು ತಿನ್ನುತ್ತದೆ. ಚೀನಾದ ಷಿಂಜಿಯಾಂಗ್‌ನಲ್ಲಿ ಇವು ಬಂದು ನಿಲ್ಲಲೆಂದೇ ಕಲ್ಲಿನ ಗೂಡುಗಳನ್ನು ಕಟ್ಟಿಕೊಟ್ಟಿದ್ದಾರೆ. ನಮ್ಮಲ್ಲಿ ಕವಣೆ, ಅಲ್ಲಿ ಬಾಡಿಗೆಯಿಲ್ಲದ ಮನೆ: ಒಂದೇ ಹಕ್ಕಿಗೆ ಎರಡು ಊರಿನಲ್ಲಿ ಎರಡು ಚಾರಿತ್ರ್ಯ ಪ್ರಮಾಣಪತ್ರ.

ನಾಲ್ಕನೆಯದು ಪಂಕ ವರ್ಗ. ಇದರಲ್ಲಿ ಸ್ವಲ್ಪ ನಿಂತು ಹೇಳಬೇಕಾದ್ದಿದೆ, ಏಕೆಂದರೆ ಕೋಲಾರದ ಕೆರೆಗಳ ಕಥೆ ಈ ಹಕ್ಕಿಗಳ ಕಾಲಿನಲ್ಲಿ ಬರೆದಿದೆ.

ವರ್ಷಪೂರ್ತಿ ಹರಿಯುವ ನದಿ ನಮ್ಮ ಜಿಲ್ಲೆಗಿಲ್ಲ. ಪಾಲಾರ್ ಹೆಸರಿಗೆ ನದಿ, ಮಳೆ ಬಂದರೆ ಮಾತ್ರ ನೀರು. ಹಿರಿಯರು ಕಟ್ಟಿದ ಸಾವಿರಾರು ಕೆರೆಗಳೇ ಆಧಾರ. ಹಳೆಯ ಕ್ರಮ ಹೀಗಿತ್ತು: ಮಳೆಗಾಲಕ್ಕೆ ಕೆರೆ ತುಂಬುವುದು, ಅದೃಷ್ಟವಿದ್ದರೆ ಕೋಡಿ ಹರಿಯುವುದು, ಆಮೇಲೆ ತೂಬು ತೆಗೆದು ಅಚ್ಚುಕಟ್ಟಿಗೆ ಬಿಟ್ಟಂತೆ ನೀರು ಹಿಂದೆ ಸರಿಯುವುದು. ಶಿವರಾತ್ರಿ ಹೊತ್ತಿಗೆ ಅಂಗಳದ ಮುಕ್ಕಾಲು ಭಾಗ ಕೆಸರು. ಆ ಕೆಸರಿನ ಅಂಚೇ ಪಂಕ ವರ್ಗದ ಊಟದ ಎಲೆ: ಗದ್ದೆ ಗೊರವ, ಟೆಮ್ಮಿಂಕನ ಸ್ಟಿಂಟ್, ಕೊರಳಿಗೆ ಕಪ್ಪು ಪಟ್ಟಿ ಕಟ್ಟಿದ ಪುಟ್ಟ ಪ್ಲೋವರ್. ಪ್ಲೋವರನ್ನು ಹತ್ತಿರದಿಂದ ನೋಡಬೇಕು. ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ. ಒಂದು ಕಾಲನ್ನು ಮುಂದೆ ಚಾಚಿ ಕೆಸರಿನ ಮೇಲೆ ಗಡಗಡ ನಡುಗಿಸುತ್ತದೆ. ಅದುರಿಗೆ ಬೆದರಿದ ಹುಳು ಅಲುಗಾಡಿದ್ದೇ ಅದರ ಕೊನೆಯ ತಪ್ಪು. ಈ ಗಿಡ್ಡಕಾಲಿನವರಿಗೆ ಬೇಕಾದದ್ದು ಬೆರಳು ಮುಳುಗುವಷ್ಟು ನೀರು. ಮೊಣಕಾಲು ಮುಳುಗಿತೆಂದರೆ ಊಟ ಬಂದ್. ದೂರದ ಹಾರಾಟಕ್ಕೆ ಮುಂಚಿನ ಕೊನೆಯ ವಾರಗಳಲ್ಲೇ ಕೆಸರು ಹೆಚ್ಚು ತೆರೆದಿರುತ್ತಿದ್ದುದು ಹೊಂದಾಣಿಕೆಯೋ ಕಾಕತಾಳೀಯವೋ, ಅಂತೂ ಹಕ್ಕಿಗೆ ಅನುಕೂಲವಾಗಿತ್ತು.

ಆಮೇಲೆ ಬರ ಬಂತು. ಕೆಸರೂ ಇಲ್ಲ, ನೀರೂ ಇಲ್ಲ, ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಧೂಳು. ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಿದ್ದಿತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್ ಗುರಿಯಿಟ್ಟು, 126 ಕೆರೆಗಳಿಗೆ ಹರಿಸಿ ಅಂತರ್ಜಲ ಏರಿಸುವ ಯೋಜನೆ. ಮುಂದಿನ ತಿಂಗಳೇ ನೊರೆ ಎದ್ದಿತು, ವಿಷಯ ಕೋರ್ಟಿನ ಮೆಟ್ಟಿಲೇರಿತು. ಮೂರನೆಯ ಹಂತದ ಶುದ್ಧೀಕರಣ ಆಗಲೇಬೇಕೆಂಬ ಹೋರಾಟ ಶುರುವಾಯಿತು. ಆ ನೀರಿನ ಗುಣದೋಷ ಈ ಗ್ರಂಥದ ವ್ಯಾಪ್ತಿಗೆ ಬಾರದು. ಅದರ ಆಳ ಮಾತ್ರ ಬರುತ್ತದೆ.

ಆ ನೀರಿಗೆ ಮಳೆಗಾಲ ಬೇಸಿಗೆ ಎಂಬ ಭೇದವಿಲ್ಲ. ಬೆಂಗಳೂರಿನ ನಲ್ಲಿ ತಿರುಗುವವರೆಗೆ ನಮ್ಮ ಕೆರೆಗೆ ಒಳಹರಿವು. ಮಾರ್ಚಿನಲ್ಲೂ ಕೆರೆ ದಡ ಮುಟ್ಟಿದೆ. ಪೇಪರಿನಲ್ಲಿ “ಕೆರೆ ತುಂಬಿತು, ಹಕ್ಕಿ ಬಂದವು” ಎಂದು ಚಿತ್ರ ಬರುತ್ತದೆ. ಸುಳ್ಳಲ್ಲ. ಹೆಜ್ಜಾರ್ಲೆ, ನೀರುಕಾಗೆ, ನಾಮದಕೋಳಿ, ಬಣ್ಣದ ಕೊಕ್ಕರೆಗಳಿಗೆ ಇದು ಸುಗ್ಗಿ. ಮುಳುಗಿ ಸತ್ತ ಜಾಲಿಮರಗಳು ನೀರುಕಾಗೆಗಳು ರೆಕ್ಕೆ ಒಣಹಾಕುವ ಗಳುಗಳಾಗಿವೆ. ಆದರೆ ಏರಿಯಿಂದ ಅಂಗಳದ ಗಡಿವರೆಗೆ ಒಂದೇ ಸಮ ನೀರು ನಿಂತ ಕೆರೆಯಲ್ಲಿ ಸ್ಟಿಂಟ್ ಎಲ್ಲಿ ಕಾಲಿಡಬೇಕು? ಅದು ತೂಬಿನ ಹಿಂದಿನ ಬಸಿಗಾಲುವೆಗೋ, ಯೋಜನೆಯ ಪಟ್ಟಿಯಲ್ಲಿ ಹೆಸರಿಲ್ಲದ ಪಕ್ಕದೂರಿನ ಒಣಕುಂಟೆಗೋ ಹೋಗುತ್ತದೆ. ಫೋಟೋಗೆ ಹೆಜ್ಜಾರ್ಲೆ ದೊಡ್ಡದು, ಸ್ಟಿಂಟ್ ಗುಬ್ಬಿಯ ಗಾತ್ರದ್ದು. ಹಾಗಾಗಿ ಲೆಕ್ಕದಲ್ಲಿ ಯಾವಾಗಲೂ ಲಾಭ. ಇನ್ನು ಮೆಟ್ಟುಗಾಲ ಹಕ್ಕಿಗಳು ಗುಂಪುಗುಂಪಾಗಿ ನಿಂತಿವೆ, ಆದ್ದರಿಂದ ನೀರು ಚೆನ್ನಾಗಿದೆ ಎಂದು ವಾದಿಸುವವರಿಗೆ ಒಂದು ಮಾತು: ಆ ಕೆಂಪು ಉದ್ದಕಾಲಿನ ಹಕ್ಕಿ ಚರಂಡಿ ಸೇರುವ ಮಡುಗಳಲ್ಲಿ ಇನ್ನೂ ಚೆನ್ನಾಗಿ ನಿಲ್ಲುತ್ತದೆ. ಅದನ್ನು ಸಾಕ್ಷಿಗೆ ಕರೆಯುವ ಮುಂಚೆ ಯೋಚಿಸಬೇಕು.

ಐದನೆಯದು ಗೂಟಸ್ಥ ವರ್ಗ. ಇದರಲ್ಲಿ ಒಂದೇ ಹಕ್ಕಿ, ಕಂದು ಕಳಿಂಗ. ಕಣ್ಣಿಗೆ ಕಪ್ಪು ಪಟ್ಟಿ, ಕೊಕ್ಕಿನ ತುದಿಗೆ ಕೊಕ್ಕೆ, ಸಂಜೆಯಾದರೆ ಕರಕರ ಬೈಗುಳ. ಸೈಬೀರಿಯ, ಮಂಗೋಲಿಯದ ಕಡೆಯಿಂದ ಬಂದು, ವರ್ಷವರ್ಷವೂ ಹಳೆಯ ಜಾಗಕ್ಕೇ ಮರಳುವ ಚಾಳಿ ಇದಕ್ಕಿದೆ. ನಮ್ಮಲ್ಲಿ ಇದರ ಪೀಠ ಟೊಮೆಟೊ ತೋಟದ ಗೂಟ. ಆ ಗೂಟ ಬಹಳ ಸಲ ನೀಲಗಿರಿಯದು. ಜಿಲ್ಲೆಯ ನೀರನ್ನೆಲ್ಲ ಕುಡಿಯಿತೆಂದು ಬೈಸಿಕೊಂಡು, 2017ರಲ್ಲಿ ಸರ್ಕಾರದಿಂದ ಹೊಸ ನೆಡುವಿಕೆಗೆ ನಿಷೇಧ ಹಾಕಿಸಿಕೊಂಡ ಮರ, ಬದುಕಿದ್ದಾಗ ಹಕ್ಕಿಗೆ ಹೆಚ್ಚೇನೂ ಕೊಡದಿದ್ದದ್ದು, ಕಡಿದು ಗೂಟವಾದ ಮೇಲೆ ಕಳಿಂಗಕ್ಕೆ ಸಿಂಹಾಸನವಾಯಿತು.

ಹೊರಡುವ ಹಕ್ಕಿಯ ಶಾಸ್ತ್ರದ ಮುಖ್ಯ ಕಗ್ಗಂಟು ಈ ಗೂಟದ ಮೇಲೇ ಕುಳಿತಿದೆ. ಬಂದ ದಿನ ಬರೆಯುವುದು ಸುಲಭ: ಸೆಪ್ಟೆಂಬರಿನ ಒಂದು ಬೆಳಿಗ್ಗೆ ಗೂಟದ ಮೇಲೆ ಕಂಡಿತು, ಬರೆದಾಯಿತು. ಹೋದ ದಿನವನ್ನು ಬರೆಯುವುದು ಹೇಗೆ? ಕೊನೆಯ ಸಲ ಕಂಡಾಗ ಅದು ಕೊನೆಯ ಸಲವೆಂದು ಯಾರಿಗೂ ಗೊತ್ತಿರುವುದಿಲ್ಲ. ಕಾಣದ ಮೊದಲ ದಿನ, ಪಕ್ಕದ ಸಾಲಿಗೆ ಹೋಗಿರಬಹುದು ಎನ್ನುತ್ತೇವೆ. ಎರಡನೆಯ ದಿನ ಮೋಡ. ವಾರ ಕಳೆದ ಮೇಲೆ ಡೈರಿಯ ಹಿಂದಿನ ಪುಟ ತಿರುವಿ, ಅಲ್ಲಿ ಏನಾದರೂ ಬರೆದಿದ್ದರೆ, ಅದರ ಕೆಳಗೆ ಗೆರೆ ಎಳೆಯಬಹುದು. ಆದರೆ ದಿನಾ ಕಾಣುವ ಹಕ್ಕಿಯನ್ನು ದಿನಾ ಬರೆಯುವ ಪುಣ್ಯಾತ್ಮರು ಎಷ್ಟು ಜನ? ಹಾಗಾಗಿ ನಮ್ಮ ದಾಖಲೆಗಳಲ್ಲಿ ಆಗಮನಕ್ಕೆ ತಾರೀಖಿದೆ, ನಿರ್ಗಮನಕ್ಕೆ ಅಂದಾಜು. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಎಣಿಕೆಗೆ ಭಾರತ 2013ರಲ್ಲಿ ಸೇರಿಕೊಂಡಿದೆ, ಸಂತೋಷ. ಆದರೆ ಕಳಿಂಗ ಹೊರಡುವುದು ಎಣಿಕೆ ಮುಗಿದು ಎಲ್ಲರೂ ಮನೆಗೆ ಹೋದಮೇಲೆ.

ಆರನೆಯ ಗಗನ ವರ್ಗದ ಬಗ್ಗೆ ಕಡಿಮೆ ಹೇಳಿದರೆ ಸಾಕು; ಅದರ ಪ್ರಚಾರ ಈಗಾಗಲೇ ಹೆಚ್ಚಾಗಿದೆ. ಪಟ್ಟೆತಲೆಯ ಹೆಬ್ಬಾತು ಹಿಮಾಲಯದ ಮೇಲಿಂದ ಹಾರುತ್ತದೆ. ಸಾಧನ ಕಟ್ಟಿ ಅಳೆದಾಗ ಗರಿಷ್ಠ ಎತ್ತರ 7,290 ಮೀಟರ್ ಸಿಕ್ಕಿತು. ಅದರ ರಕ್ತಕ್ಕೆ ತೆಳುಗಾಳಿಯ ಆಮ್ಲಜನಕವನ್ನೂ ಬಿಗಿಯಾಗಿ ಹಿಡಿಯುವ ಗುಣವಿದೆ. ಕರ್ನಾಟಕದಲ್ಲಿ ಇದರ ಖ್ಯಾತ ಬೀಡು 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ. ನಮ್ಮ ಕಡೆ ಒಂದು ಗುಂಪು ಇಳಿದರೂ ಸಾಕು, ಊರಿನ ವಾಟ್ಸಾಪ್ ಬಳಗಗಳಿಗೆ ಹಬ್ಬ. ಬಯಲಿನ ಮೇಲೆ ತೇಲುವ ಸೆಳೆವಗಳೂ ಇದೇ ವರ್ಗ.

ಅನಧಿಕಾರಿಗಳ ಅರ್ಜಿಗಳನ್ನೂ ವಿಚಾರಿಸಬೇಕಾಯಿತು. ಹನುಮನಹಳ್ಳಿಯ ಗುಹೆಯ ಬಾವಲಿ ತನ್ನನ್ನೂ ಸೇರಿಸಬೇಕೆಂದು ಕೇಳಿದೆ: 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ, ಕೋಲಾರದ ಹೆಸರನ್ನೇ ಹೊತ್ತ ಎಲೆಮೂಗಿನ ಬಾವಲಿ, ಲೋಕದಲ್ಲಿ ಇನ್ನೆಲ್ಲೂ ಇಲ್ಲ, ಅಳಿವಿನ ಅಂಚಿನಲ್ಲಿದೆ. ರೆಕ್ಕೆಯಿದೆ, ನಿಜ. ಆದರೆ ಹಕ್ಕಿಯಲ್ಲ, ಹೊರಡುವುದೂ ಇಲ್ಲ. ಹೊರಟರೆ ಹೋಗಲು ಜಾಗವೂ ಇಲ್ಲ. ಅರ್ಜಿಯನ್ನು ಗೌರವಪೂರ್ವಕ ತಿರಸ್ಕರಿಸಲಾಗಿದೆ. ಬೆಳಗಿನ ರೈಲಿನಲ್ಲಿ ಮಾಲೂರಿನಿಂದ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರನ್ನು ದೈನಿಕ ವಲಸೆ ಎಂದು ಸೇರಿಸಬಾರದೇಕೆ ಎಂದು ಒಬ್ಬ ಮಿತ್ರರು ಕೇಳಿದರು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ., 1891ರಲ್ಲಿ ಮಾಲೂರು ಸೀಮೆಯಲ್ಲಿ ಹುಟ್ಟಿದ ಮಾಸ್ತಿ ಇಬ್ಬರೂ ಬೆಂಗಳೂರಿನಲ್ಲೇ ನೆಲೆಯಾದರು. ಅವರದು ಏಕಮುಖ ವಲಸೆ ಎಂದೂ ಆ ಮಿತ್ರರು ವಾದ ಬೆಳೆಸಿದರು. ಗ್ರಂಥ ದಪ್ಪವಾಗುವ ಭಯದಿಂದ ಇದನ್ನು ಕೈಬಿಡಲಾಗಿದೆ.

ಕೊನೆಗೆ ನೋಟಕರ ಭೇದ. ಹಕ್ಕಿಯಷ್ಟೇ ನೋಟಕರಲ್ಲೂ ಜಾತಿಗಳಿವೆ. ಕ್ಯಾಮೆರಾ ಕುಲದವರು ಬೆಂಗಳೂರಿನಿಂದ ಕತ್ತಲಲ್ಲೇ ಹೊರಟು, ನರಸಾಪುರದ ಹತ್ತಿರ ಕಾಫಿ ಕುಡಿದು ಬರುತ್ತಾರೆ. ಇವರಿಗೆ ಬೆಳಕಿನ ಚಿಂತೆ ಹೆಚ್ಚು, ಹಕ್ಕಿಯ ಹೆಸರನ್ನು ಮನೆಗೆ ಹೋಗಿ ಕೇಳಿಕೊಳ್ಳುತ್ತಾರೆ. ಪಟ್ಟಿ ಕುಲದವರು ಹದಿನೈದು ನಿಮಿಷಕ್ಕೊಂದು ಪಟ್ಟಿ ಮುಚ್ಚುತ್ತಾರೆ. ಉಪಕಾರಿಗಳು, ಆದರೆ ಮಾತಾಡಿಸಿದರೆ ಲೆಕ್ಕ ತಪ್ಪಿತೆಂದು ಸಿಡಿಮಿಡಿ. ಮೂರನೆಯವರು ಪಟ್ಟಿಯನ್ನೂ ಬರೆಯರು, ಕ್ಯಾಮೆರಾವನ್ನೂ ಹಿಡಿಯರು: ಕೆರೆಯಂಗಳದಲ್ಲಿ ಕುರಿ ಮೇಯಿಸುವವರು. ಬಾತುಗಳ ಗುಂಪು ಕಾಣುತ್ತಿಲ್ಲವಲ್ಲ ಎಂದು ಬೆಂಗಳೂರಿನ ಕಾರುಗಳು ಏರಿಯ ಮೇಲೆ ಸಾಲಾಗಿ ನಿಂತಿದ್ದಾಗ, ಅವರಲ್ಲೊಬ್ಬರು ಬೀಡಿ ಹಚ್ಚಿಕೊಳ್ಳುತ್ತ ಹೇಳಿದ ಮಾತನ್ನು ಈ ಗ್ರಂಥದ ಪ್ರಮಾಣವಾಕ್ಯವಾಗಿ ಸ್ವೀಕರಿಸಲಾಗಿದೆ: “ಅವಾ? ಮೊನ್ನೆ ರಾತ್ರೀನೇ ಓದ್ವಲ್ಲ ಸಾ. ಎಂಟೂವರೆ ಬಸ್ ಓದ್ಮ್ಯಾಲೆ. ಇನ್ನ ಕಾಯ್ಬೇಡಿ, ಅತ್ಲಾಗಿ ಕುರಿ ದಾಟ್ಬೇಕು, ಗಾಡಿ ತೆಗೀರಿ.”